ಮನೆ ಶಿಫ್ಟ್ ಮಾಡೋ ಮುಂಚೆ ಕ್ರೆಡಿಟ್ ಕಾರ್ಡ್ ಸಾಲ ತೀರಿಸೋದು: ಪದೇ ಪದೇ ಕೇಳೋ ಪ್ರಶ್ನೆಗಳು

ನಾವು ವಿಜಯನಗರದ ಬಾಡಿಗೆ ಮನೆ ಬಿಟ್ಟು ಕೆಂಗೇರಿ ಕಡೆ ಬಂದಿದ್ದು 2025ರ ಶ್ರಾವಣದಲ್ಲಿ. ಬರೋಕೆ ಮುಂಚೆ ಮೂರು ಕಾರ್ಡಲ್ಲಿ ಸೇರಿ 2,83,000 ರೂಪಾಯಿ ಸಾಲ ಇತ್ತು, ಅದನ್ನ ತೀರಿಸಿ ಬಂದ್ವಿ. ಈ ವಿಷ್ಯ ಒಬ್ರಿಂದ ಒಬ್ರಿಗೆ ಗೊತ್ತಾಗಿ ಈಗ ಅಕ್ಕನ ಮಗಳು, ಆಫೀಸಿನವ್ರು, ಹಳೇ ಮನೆ ಎದುರುಗಡೆಯವ್ರು ಎಲ್ಲಾರೂ ಅದದೇ ಕೇಳ್ತಾರೆ, ಅದಕ್ಕೇ ಒಂದ್ಸಲ ಕೂತು ಬರೆದುಬಿಟ್ಟೆ. ನಾನು ಸಿಎ ಅಲ್ಲ ಬ್ಯಾಂಕಿನವಳೂ ಅಲ್ಲ, ಬಡ್ಡಿ ಕಟ್ಟಿ ಕಟ್ಟಿ ಕಲಿತವಳು ಅಷ್ಟೇ.

ಮನೆ ಶಿಫ್ಟ್ ಮಾಡೋದಕ್ಕೂ ಕಾರ್ಡ್ ಸಾಲಕ್ಕೂ ಏನ್ ಸಂಬಂಧ? ಹೊಸ ಮನೆಗೆ ಹೋಗಿ ಆರಾಮಾಗಿ ಕಟ್ಟಿದ್ರೆ ಆಗಲ್ವಾ?

ಆಗಲ್ಲ ಕಣ್ರೀ. ಹೊಸ ಮನೆ ಅಂದ್ರೆ ಅಡ್ವಾನ್ಸ್, ಬ್ರೋಕರ್‌ಗೆ ಒಂದು ತಿಂಗಳ ಬಾಡಿಗೆ, ಲಾರಿ, ಪ್ಯಾಕಿಂಗು, ಕರ್ಟನ್ ರಾಡು, ಹೊಸ ಗೀಸರ್ರು, ಹಳೇ ಮನೆ ಕಿಟಕಿಗೆ ಸರಿಹೋಗಿದ್ದ ಸೊಳ್ಳೆ ಪರದೆ ಇಲ್ಲಿಗೆ ಆಗಲ್ಲ ಅಂತ ಅದೊಂದು, ಹೀಗೆ ಮೊದಲ ಮೂರು ತಿಂಗಳು ದುಡ್ಡು ನೀರಿನ ಥರ ಹೋಗುತ್ತೆ. ಆಗ ಕೈಯಲ್ಲಿ ಇರೋದು ಕಾರ್ಡ್ ಒಂದೇ. ಹಳೇ ಸಾಲ ಇರೋ ಕಾರ್ಡಲ್ಲೇ ಉಜ್ಜಿದ್ರೆ ಆ ಹೊಸ ಖರ್ಚಿಗೂ ಮೊದಲ ದಿನದಿಂದಲೇ ಬಡ್ಡಿ ಶುರು, ಯಾಕಂದ್ರೆ ಹಳೇ ಬಾಕಿ ಇದ್ದಾಗ ಆ 45-50 ದಿನದ ಬಡ್ಡಿ ಇಲ್ಲದ ಟೈಮ್ ಸಿಗೋದೇ ಇಲ್ಲ. ಇದು ಬಹಳ ಜನಕ್ಕೆ ಗೊತ್ತಿಲ್ಲ.

ನನ್ನ ಅಭಿಪ್ರಾಯ ಕೇಳಿದ್ರೆ, ಸಾಲ ಜಾಸ್ತಿ ಇದ್ರೆ ಶಿಫ್ಟಿಂಗನ್ನೇ ನಾಲ್ಕು ತಿಂಗಳು ಮುಂದಕ್ಕೆ ಹಾಕಿ. ಮನೆ ಎಲ್ಲೂ ಓಡಿಹೋಗಲ್ಲ.

ನಾನು ಪ್ರತಿ ತಿಂಗಳು ಮಿನಿಮಮ್ ಡ್ಯೂ ತಪ್ಪದೇ ಕಟ್ತೀನಿ, ಅಷ್ಟು ಸಾಕಲ್ವಾ?

ಮಿನಿಮಮ್ ಡ್ಯೂ ಅಂದ್ರೆ ಆ ತಿಂಗಳು ಕಮ್ಮಿ ಅಂದ್ರೂ ಇಷ್ಟು ಕಟ್ಟಲೇಬೇಕು ಅಂತ ಬಿಲ್ಲಲ್ಲಿ ಬರೋ ಮೊತ್ತ. ಅದರಿಂದ ಲೇಟ್ ಫೀ ತಪ್ಪುತ್ತೆ, ಸಾಲ ತೀರಲ್ಲ. ನಮ್ಮದೇ ಲೆಕ್ಕ ಹೇಳ್ತೀನಿ. 2,83,000ಕ್ಕೆ ತಿಂಗಳಿಗೆ 3.6% ಬಡ್ಡಿ ಅಂದ್ರೆ 10,188. ಆ ಬಡ್ಡಿ ಮೇಲೆ 18% ಜಿಎಸ್‌ಟಿ 1,834. ಒಟ್ಟು 12,022. ಮಿನಿಮಮ್ ಸಾಮಾನ್ಯವಾಗಿ ಬಾಕಿಯ 5% ಹತ್ರ ಇರುತ್ತೆ (ಕೆಲವು ಬ್ಯಾಂಕ್ ಲೆಕ್ಕ ಬೇರೆ), ಅಂದ್ರೆ 14,150. ಕಟ್ಟಿದ್ದು ಹದಿನಾಲ್ಕು ಸಾವಿರ, ಅಸಲು ಇಳಿದಿದ್ದು ಎರಡು ಸಾವಿರ ಚಿಲ್ಲರೆ!

ನಮ್ಮ ಬಾಡಿಗೆ 18,000. ಒಂದ್ ದಿನ ರಾತ್ರಿ ಮಕ್ಕಳು ಮಲಗಿದ ಮೇಲೆ ಅಡುಗೆಮನೆ ನೆಲದ ಮೇಲೆ ಮೂರು ಸ್ಟೇಟ್‌ಮೆಂಟು ಹರಡಿಕೊಂಡು, ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಪೇಜಲ್ಲಿ ಇದನ್ನ ಬರೆದು ಕೂಡಿಸಿದಾಗ ನಮ್ಮನೆಯವ್ರು ಸುಮಾರು ಹೊತ್ತು ಮಾತೇ ಆಡಲಿಲ್ಲ, ಆಮೇಲೆ "ನಾವು ಎರಡು ಮನೆಗೆ ಬಾಡಿಗೆ ಕಟ್ತಾ ಇದೀವಿ ಕಣೇ, ಒಂದ್ರಲ್ಲಿ ಯಾರೂ ಇಲ್ಲ" ಅಂದ್ರು. ಅಲ್ಲಿಂದ ಶುರುವಾಯ್ತು.

ಬಿಲ್ಲಲ್ಲಿ ಪೂರ್ತಿ ಅಲ್ದಿದ್ರೂ ಮುಕ್ಕಾಲು ಕಟ್ಟಿದ್ರೆ ಉಳಿದ ಕಾಲು ಭಾಗಕ್ಕೆ ಮಾತ್ರ ಬಡ್ಡಿ ತಾನೇ?

ಅಲ್ಲ. ಇಲ್ಲೇ ಎಲ್ಲಾರೂ ಬೀಳೋದು. ಒಂದು ಉದಾಹರಣೆ: ಮೇ 5ಕ್ಕೆ 40,000ದ ಫ್ರಿಜ್ ತಗೊಂಡ್ರಿ, ಜೂನ್ 1ಕ್ಕೆ ಬಿಲ್ ಆಯ್ತು, ಜೂನ್ 20 ಕೊನೇ ದಿನ. ಆ ದಿನ ನೀವು 39,000 ಕಟ್ಟಿದ್ರಿ, ಸಾವಿರ ಉಳಿಸಿದ್ರಿ. ಬ್ಯಾಂಕು ಸಾವಿರಕ್ಕಲ್ಲ, ಇಡೀ 40,000ಕ್ಕೆ ಮೇ 5ರಿಂದ ಜೂನ್ 20ರ ತನಕ 46 ದಿನದ ಬಡ್ಡಿ ಹಾಕುತ್ತೆ. ತಿಂಗಳಿಗೆ 3.6% ಅಂದ್ರೆ ಸುಮಾರು 2,178 ರೂಪಾಯಿ, ಜಿಎಸ್‌ಟಿ ಬೇರೆ. ಸಾವಿರ ಉಳಿಸೋಕೆ ಹೋಗಿ ಎರಡೂವರೆ ಸಾವಿರ.

ಇಷ್ಟೊಂದು ಬಡ್ಡಿಗೆ ಸರ್ಕಾರದ ಲಿಮಿಟ್ ಏನೂ ಇಲ್ವಾ?

ಮುಂಚೆ ಒಂದು ಇತ್ತು ಅನ್ನಬಹುದು. 2008ರಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗ ವರ್ಷಕ್ಕೆ 30% ದಾಟಿದ್ರೆ ಅದು ಅನ್ಯಾಯ ಅಂತ ಹೇಳಿತ್ತು, ಬ್ಯಾಂಕುಗಳು ಸುಪ್ರೀಂ ಕೋರ್ಟಿಗೆ ಹೋದ್ವು, 2024ರ ಡಿಸೆಂಬರಲ್ಲಿ ಕೋರ್ಟು ಆ ಆದೇಶ ರದ್ದು ಮಾಡ್ತು. ಹಾಗಾಗಿ ವರ್ಷಕ್ಕೆ 42-45% ಬಡ್ಡಿ ಇವತ್ತು ಮಾಮೂಲು. ಬ್ಯಾಂಕಿನವ್ರು ಅದನ್ನ "ತಿಂಗಳಿಗೆ ಬರೀ ಮೂರೂವರೆ" ಅಂತ ಹೇಳ್ತಾರೆ, ಮೀಟರ್ ಬಡ್ಡಿಯವನು ಕೂಡ ಹಾಗೇ ಹೇಳೋದು.

ಸಾಲ ಒಟ್ಟು ಎಷ್ಟಿದೆ ಅನ್ನೋದೇ ಸರಿಯಾಗಿ ಗೊತ್ತಿಲ್ಲ, ಎಲ್ಲಿಂದ ಶುರು ಮಾಡ್ಲಿ?

ಆ್ಯಪಲ್ಲಿ ದೊಡ್ಡದಾಗಿ ಕಾಣೋ ನಂಬರ್ ನೋಡ್ಬೇಡಿ. ಪ್ರತಿ ಕಾರ್ಡಿಗೂ ನಾಲ್ಕು ನಂಬರ್ ಬರ್ಕೊಳಿ: ಬಿಲ್ ಆದ ಬಾಕಿ, ಬಿಲ್ ಇನ್ನೂ ಆಗದೇ ಇರೋದು, ಇಎಂಐಗೆ ಹಾಕಿರೋದ್ರಲ್ಲಿ ಇನ್ನೂ ಬರಬೇಕಾಗಿರೋ ಕಂತುಗಳು, ತಿಂಗಳ ಬಡ್ಡಿ ರೇಟು. ಮೂರನೇದನ್ನೇ ಎಲ್ಲಾರೂ ಮರೀತಾರೆ, ನಾನೂ ಮರೆತಿದ್ದೆ, ಎರಡು ವರ್ಷದ ಹಿಂದಿನ ವಾಷಿಂಗ್ ಮೆಷಿನ್ನಿಂದು ಇನ್ನೂ ಐದು ಕಂತು ಬಾಕಿ ಇತ್ತು.

ಆಮೇಲೆ ಕ್ರೆಡಿಟ್ ರಿಪೋರ್ಟ್ ತೆಗೀರಿ, ಅಂದ್ರೆ ನಿಮ್ಮ ಹೆಸರಲ್ಲಿರೋ ಸಾಲ, ಕಾರ್ಡು, ಕಟ್ಟಿರೋ ರೀತಿ ಎಲ್ಲಾ ಇರೋ ಪಟ್ಟಿ, ಸ್ಕೋರ್ ಅನ್ನೋದು ಅದರ ಮೇಲೆ ಹಾಕೋ ಮಾರ್ಕು. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈಮಾರ್ಕ್ ನಾಲ್ಕೂ ಕಂಪನಿ ವರ್ಷಕ್ಕೊಂದು ಪೂರ್ತಿ ರಿಪೋರ್ಟ್ ಫ್ರೀ ಕೊಡಲೇಬೇಕು. ಗಂಡಂದೂ ತೆಗೆಸಿ ಹೆಂಡತಿದೂ ತೆಗೆಸಿ. ಮನೆಯಲ್ಲಿ ಒಬ್ರಿಗೆ ಗೊತ್ತಿಲ್ಲದೇ ಇನ್ನೊಬ್ರ ಹತ್ರ ಒಂದು ಕಾರ್ಡು ಇದ್ದೇ ಇರುತ್ತೆ, ಅದು ಈಗಲೇ ಹೊರಗೆ ಬರೋದು ಒಳ್ಳೇದು. ಜಗಳ ಆಗುತ್ತೆ, ಆಗಲಿ, ಲಾರಿ ಬಂದ ದಿನ ಆಗೋದಕ್ಕಿಂತ ವಾಸಿ.

ಮೂರು ಕಾರ್ಡಿದ್ರೆ ಯಾವುದು ಮೊದಲು ಕಟ್ಟೋದು?

ಲೆಕ್ಕದ ಪ್ರಕಾರ ಬಡ್ಡಿ ಜಾಸ್ತಿ ಇರೋದು. ಆದ್ರೆ ಕಾರ್ಡುಗಳ ಬಡ್ಡಿ ಎಲ್ಲಾ ಹೆಚ್ಚೂಕಮ್ಮಿ ಒಂದೇ ಇರೋದ್ರಿಂದ ನಾನು ಚಿಕ್ಕದನ್ನ ಮೊದಲು ಮುಗಿಸಿದೆ. ನಮ್ಮದು 45,000, 96,000, 1,42,000 ಹೀಗಿತ್ತು. 45,000ದ್ದು ಫೆಬ್ರವರಿಯಲ್ಲೇ ಮುಗಿದು ಸೊನ್ನೆ ಕಂಡಾಗ ಏನೋ ಒಂದು ಧೈರ್ಯ ಬಂತು, ಅದೂ ಲೆಕ್ಕಕ್ಕೆ ಬರುತ್ತೆ. ಕಾರ್ಡಿಂದ ಎಟಿಎಮ್ಮಲ್ಲಿ ಕ್ಯಾಶ್ ತೆಗೆದಿದ್ರೆ ಮಾತ್ರ ಅದನ್ನ ಎಲ್ಲಕ್ಕಿಂತ ಮೊದಲು ಮುಗಿಸಿ, ಅದಕ್ಕೆ ಫೀಸೂ ಇದೆ, ಬಡ್ಡಿ ತೆಗೆದ ದಿನದಿಂದಲೇ.

ಉಳಿದ ಕಾರ್ಡುಗಳಿಗೆ ಮಿನಿಮಮ್ ತಪ್ಪಿಸಬೇಡಿ, ಅದು ಆಟೋ ಡೆಬಿಟ್ ಹಾಕಿಬಿಡಿ.

ದುಡ್ಡು ಎಲ್ಲಿಂದ ತರೋದು? ಗೋಲ್ಡ್ ಲೋನ್ ಮಾಡಿ ಕಾರ್ಡ್ ಕಟ್ಟೋದು ಸರೀನಾ? ಸಾಲ ತೀರಿಸೋಕೆ ಸಾಲ ಮಾಡಿದಂಗಲ್ವಾ?

ನಮ್ಮಮ್ಮ ಕೂಡ ಇದೇ ಮಾತು ಅಂದ್ರು, ಬಳೆ ಅಡ ಇಡೋದು ಅಂದ್ರೆ ಮನೆ ಮುಳುಗಿತು ಅನ್ನೋ ಕಾಲದವ್ರು. ಆದ್ರೆ ಲೆಕ್ಕ ನೋಡಿ. ಒಂದು ಲಕ್ಷಕ್ಕೆ ಕಾರ್ಡಲ್ಲಿ ತಿಂಗಳಿಗೆ 3,600, ಜಿಎಸ್‌ಟಿ ಸೇರಿ 4,248. ಅದೇ ಒಂದು ಲಕ್ಷ ಬ್ಯಾಂಕಲ್ಲಿ ಚಿನ್ನ ಇಟ್ಟು ತಗೊಂಡಾಗ ನಮಗೆ 9% ಬಿತ್ತು, ತಿಂಗಳಿಗೆ 750. ಬೀರುವಲ್ಲಿ ಮಲಗಿದ್ದ ನನ್ನ ನಾಲ್ಕು ಬಳೆ ತಿಂಗಳಿಗೆ ಮೂರೂವರೆ ಸಾವಿರ ಉಳಿಸಿಕೊಟ್ವು. ಮದುವೆ ಸೀಸನ್ನಲ್ಲಿ ಬೋಳು ಕೈಯಲ್ಲಿ ಓಡಾಡಿದೆ, ಯಾರೂ ಕೇಳಲಿಲ್ಲ, ಕೇಳಿದವ್ರಿಗೆ ಲಾಕರಲ್ಲಿದೆ ಅಂದೆ, ಅದು ನಿಜವೇ, ಲಾಕರ್ ಬ್ಯಾಂಕಿಂದು.

ಆದ್ರೆ ಎಲ್ಲ ಗೋಲ್ಡ್ ಲೋನೂ 9% ಅಲ್ಲ, ರಸ್ತೆ ಮೂಲೆ ಫೈನಾನ್ಸ್‌ಗಳಲ್ಲಿ 20%ಗೂ ಮೇಲೆ ಹೋಗುತ್ತೆ, ಮೂರು ಕಡೆ ಕೇಳಿ. ಚಿನ್ನ ಹರಾಜಿಗೆ ಹೋಗೋ ಭಯ ಇದ್ರೆ, ಅಂದ್ರೆ ಸಂಬಳವೇ ಗ್ಯಾರಂಟಿ ಇಲ್ಲ ಅಂದ್ರೆ, ಈ ದಾರಿ ಬೇಡ.

ಎಫ್‌ಡಿ ಇದ್ರೆ ಅದನ್ನ ಮುರೀರಿ, ಏನೂ ಯೋಚ್ನೆ ಮಾಡ್ಬೇಡಿ. 7% ಬಡ್ಡಿ ಬರೋ ದುಡ್ಡನ್ನ ಒಂದು ಕಡೆ ಇಟ್ಕೊಂಡು ಇನ್ನೊಂದು ಕಡೆ 43% ಬಡ್ಡಿ ಕಟ್ಟೋದು ಯಾವ ಜಾಣತನ. ನಮ್ಮದು 60,000ದ್ದು ಇತ್ತು, ಮುರಿದ್ವಿ, 45,000 ಚಿಕ್ಕ ಕಾರ್ಡಿಗೆ, 15,000 ದೊಡ್ಡದಕ್ಕೆ.

ಪರ್ಸನಲ್ ಲೋನು ಸ್ಕೋರ್ ಚೆನ್ನಾಗಿದ್ರೆ ಕಾರ್ಡಿನ ಮೂರನೇ ಒಂದು ಭಾಗದ ಬಡ್ಡಿಗೆ ಸಿಗುತ್ತೆ, ತಗೋಬಹುದು. ಬಾಕಿಯನ್ನ ಇಎಂಐ ಮಾಡ್ಕೊಳಿ ಅಂತ ಬ್ಯಾಂಕಿಂದ ಫೋನ್ ಬರುತ್ತಲ್ಲ, ಅದು ಕಾರ್ಡ್ ಬಡ್ಡಿಗಿಂತ ವಾಸಿ, ಆದ್ರೆ ಪ್ರೋಸೆಸಿಂಗ್ ಫೀ, ಬಡ್ಡಿ ಮೇಲೆ ಜಿಎಸ್‌ಟಿ, ಮುಂಚೆ ಮುಗಿಸಿದ್ರೆ ಫೋರ್‌ಕ್ಲೋಷರ್ ಚಾರ್ಜು, ಮೂರನ್ನೂ ಕೇಳಿ ಆಮೇಲೆ ಹೂಂ ಅನ್ನಿ.

ಈ ಯಾವುದು ಮಾಡಿದ್ರೂ ಒಂದೇ ಕಂಡೀಷನ್ನು, ಖಾಲಿಯಾದ ಕಾರ್ಡಲ್ಲಿ ಮತ್ತೆ ಉಜ್ಜಬಾರದು. ನಾನು ಮೂರೂ ಕಾರ್ಡನ್ನ ರಾಗಿ ಡಬ್ಬದಲ್ಲಿ ಹಾಕಿದ್ದೆ. ಆನ್‌ಲೈನ್ ಆ್ಯಪುಗಳಲ್ಲಿ ಸೇವ್ ಆಗಿರೋ ಕಾರ್ಡ್ ಅಳಿಸೋದೂ ಮರೀಬೇಡಿ, ಇಲ್ಲಾಂದ್ರೆ ಡಬ್ಬದಲ್ಲಿಟ್ಟು ಏನ್ ಪ್ರಯೋಜನ.

ಹಳೇ ಮನೆ ಅಡ್ವಾನ್ಸ್ ವಾಪಸ್ ಬರುತ್ತಲ್ಲ, ಅದ್ರಲ್ಲಿ ಕಾರ್ಡ್ ಕಟ್ತೀನಿ ಅಂತ ಇದೀನಿ.

ಬೆಂಗಳೂರಲ್ಲಿ ಮನೆ ಬಿಟ್ಟವ್ರು ಯಾರಾದ್ರೂ ಈ ಪ್ಲಾನ್ ಕೇಳಿದ್ರೆ ನಗ್ತಾರೆ. ಹೊಸ ಮನೆಗೆ ಅಡ್ವಾನ್ಸ್ ಮೊದಲು ಕೊಡಬೇಕು, ಹಳೇದು ಆಮೇಲೆ ಬರುತ್ತೆ, ಮಧ್ಯೆ ಒಂದು ತಿಂಗಳಾದ್ರೂ ಎರಡೂ ಕಡೆ ದುಡ್ಡು ಸಿಕ್ಕಿಹಾಕ್ಕೊಂಡಿರುತ್ತೆ. ಬರೋವಾಗ್ಲೂ ಪೂರ್ತಿ ಬರಲ್ಲ. ನಮ್ಮದು 1,50,000 ಇತ್ತು. ಪೇಂಟಿಂಗ್‌ಗೆ ಅಂತ ಒಂದು ತಿಂಗಳ ಬಾಡಿಗೆ 18,000 ಹಿಡ್ಕೊಂಡ್ರು, ಅದು ಅಗ್ರಿಮೆಂಟಲ್ಲೇ ಇತ್ತು ಸರಿ, ಆಮೇಲೆ ಬಾತ್‌ರೂಮಿನ ನಲ್ಲಿ ಸೋರ್ತಿದೆ ಅಂತ 2,500. ಆ ನಲ್ಲಿ ನಾವು ಬಂದ ದಿನದಿಂದ ಸೋರ್ತಾ ಇತ್ತು, ನಾವೇ ಎರಡು ಸಲ ರಿಪೇರಿ ಮಾಡಿಸಿದ್ವಿ, ಬಿಲ್ಲು ಇಟ್ಕೊಂಡಿರಲಿಲ್ಲ. 1,29,500 ಬಂತು, ಅದೂ 26 ದಿನ ಲೇಟಾಗಿ.

ಹಾಗಾಗಿ ಆ ದುಡ್ಡನ್ನ ನಂಬ್ಕೊಂಡು ಕಾರ್ಡಿನ ಡ್ಯೂ ಡೇಟ್ ಇಟ್ಕೋಬೇಡಿ. ಮನೆ ಖಾಲಿ ಮಾಡೋ ದಿನ ಗೋಡೆ, ನಲ್ಲಿ, ಸ್ವಿಚ್ ಬೋರ್ಡು, ಕಮೋಡು ಎಲ್ಲ ವಿಡಿಯೋ ಮಾಡ್ಕೊಳಿ, ಕರೆಂಟ್ ಬಿಲ್ ಕಟ್ಟಿರೋ ರಸೀದಿ ಇಟ್ಕೊಳಿ.

ಆದ್ರೆ ಅಡ್ವಾನ್ಸ್ ವಿಷ್ಯದಲ್ಲಿ ಒಂದು ಮಾತು ಇದೆ, ನನ್ನ ಪ್ರಕಾರ ಇದೇ ಮುಖ್ಯ. ಆ ದುಡ್ಡು ನಿಮ್ಮದೇ, ಓನರ್ ಹತ್ರ ವರ್ಷಗಟ್ಟಲೆ ಸೊನ್ನೆ ಬಡ್ಡಿಗೆ ಕೂತಿರುತ್ತೆ. ಅದೇ ಹೊತ್ತಿಗೆ ನೀವು ಕಾರ್ಡಿಗೆ 43% ಕಟ್ತಾ ಇರ್ತೀರ. ಹಾಗಿದ್ಮೇಲೆ ಹೊಸ ಮನೆ ಹುಡುಕೋವಾಗ ಬಾಡಿಗೆ ಎಷ್ಟು ಅಂತ ಕೇಳೋ ಮುಂಚೆ ಅಡ್ವಾನ್ಸ್ ಎಷ್ಟು ಅಂತ ಕೇಳಿ. ಮುಂಚೆ ಇಲ್ಲಿ ಹತ್ತು ತಿಂಗಳ ಬಾಡಿಗೆ ಕೇಳೋರು, ಈಗ ಐದಾರು ತಿಂಗಳದ್ದಕ್ಕೂ ಒಪ್ಪೋರು ಸಿಗ್ತಾರೆ. ನಮ್ಮ ಹೊಸ ಮನೆ ಬಾಡಿಗೆ 16,000, ಅಡ್ವಾನ್ಸ್ 80,000. ಅಣ್ಣನ ಹತ್ರ 70,000 ಕೈಸಾಲ ತಗೊಂಡು ಟೋಕನ್ ಹತ್ತು ಸಾವಿರ ನಾವು ಹಾಕಿ ಕೊಟ್ವಿ, ಹಳೇದು ಬಂದ ತಕ್ಷಣ ಅಣ್ಣಂದು ವಾಪಸ್, ಉಳಿದ 59,500 ಗೋಲ್ಡ್ ಲೋನಿಗೆ. ಕೆಂಗೇರಿ ದೂರ ಅಂತಾರೆ, ಮೆಟ್ರೋ ಪರ್ಪಲ್ ಲೈನ್ ಅದೇ, ಹತ್ತಿ ಕೂತ್ರೆ ಸೀಟೂ ಸಿಗುತ್ತೆ.

ಲೀಸ್‌ಗೆ ಹೋದ್ರೆ ಬಾಡಿಗೆ ಉಳಿಯುತ್ತಲ್ಲ, ಆ ದುಡ್ಡಲ್ಲಿ ಕಾರ್ಡ್ ಕಟ್ಟಬಹುದಾ?

ಲೀಸ್‌ಗೆ ಕೊಡೋಕೆ ಹತ್ತು ಹದಿನೈದು ಲಕ್ಷ ಇದ್ದಿದ್ರೆ ಕಾರ್ಡ್ ಸಾಲ ಯಾಕಿರ್ತಿತ್ತು. ಅದಕ್ಕೂ ಸಾಲ ಮಾಡಿ ಕೊಡೋದಾದ್ರೆ ಬೇಡ.

ಆಷಾಢದಲ್ಲಿ ಮನೆ ಬದಲಾಯಿಸಬಾರದು ಅಂತಾರೆ, ನಮ್ಮ ಅಗ್ರಿಮೆಂಟ್ ಆಗಲೇ ಮುಗಿಯುತ್ತೆ, ಏನ್ ಮಾಡೋದು?

ನಂಬಿಕೆ ನಿಮ್ಮದು, ನಾನು ಉಪಯೋಗ ಹೇಳ್ತೀನಿ. ಆಷಾಢದಲ್ಲಿ ಯಾರೂ ಹಾಲು ಉಕ್ಕಿಸಲ್ಲ, ಅದಕ್ಕೆ ಖಾಲಿ ಬಿದ್ದಿರೋ ಮನೆ ಓನರ್‌ಗಳು ಸ್ವಲ್ಪ ಮೆತ್ತಗಾಗಿರ್ತಾರೆ. ನಾವು ಆಷಾಢದಲ್ಲೇ ಮನೆ ನೋಡಿ ಮಾತಾಡಿ ಟೋಕನ್ ಕೊಟ್ವಿ, ಒಂದು ಲಕ್ಷ ಅಂದಿದ್ದ ಅಡ್ವಾನ್ಸ್ 80,000ಕ್ಕೆ ಇಳಿದಿದ್ದು ಆಗಲೇ. ಶ್ರಾವಣಕ್ಕೆ ಬರ್ತೀವಿ, ಬಾಡಿಗೆ ಬಂದ ದಿನದಿಂದ ಅಂತ ಒಪ್ಪಿಸಿದ್ವಿ. ಹಳೇ ಮನೆ ಓನರ್‌ಗೂ "ಆಷಾಢ ಅಲ್ವಾ ಸಾರ್" ಅಂದ್ರೆ ಒಂದು ತಿಂಗಳು ಜಾಸ್ತಿ ಇರೋಕೆ ತಕರಾರು ಮಾಡಲಿಲ್ಲ. ಆ ಒಂದು ತಿಂಗಳ ಸಂಬಳದಲ್ಲಿ ಇನ್ನೊಂದು 25,000 ಕಾರ್ಡಿಗೆ ಹೋಯ್ತು.

ತಿಂಗಳಿಗೆ 25,000ದ ಲೆಕ್ಕ ಕೇಳೋರಿಗೆ: 96,000ದ್ದನ್ನ ಗೋಲ್ಡ್ ಲೋನ್ ದುಡ್ಡು ಮುಗಿಸಿತು, ದೊಡ್ಡದು ಸುಮಾರು 1,27,000 ಉಳಿದಿತ್ತು. ಮಾರ್ಚಿಂದ ಜುಲೈ ತನಕ ತಿಂಗಳಿಗೆ 25,000 ಹಾಕಿದ್ವಿ, ಜುಲೈ ಕೊನೆಗೆ 20,000 ಚಿಲ್ಲರೆ ಉಳೀತು, ಆಗಸ್ಟ್ ಸಂಬಳದಲ್ಲಿ ಅದೂ ಹೋಯ್ತು. ಆ ಐದು ತಿಂಗಳು ಹೊರಗಡೆ ಊಟ ಇಲ್ಲ, ಊರ ಜಾತ್ರೆಗೆ ಕಾರ್ ಬದಲು ಕೆಎಸ್ಸಾರ್ಟಿಸಿ ಬಸ್ಸು, ಮಕ್ಕಳ ಹುಟ್ಟಿದಬ್ಬಕ್ಕೆ ಮನೇಲೇ ಕೇಕು. ಕೇಕು ಗಟ್ಟಿಯಾಗಿತ್ತು.

ಶಿಫ್ಟಿಂಗ್ ಖರ್ಚು ಕಾರ್ಡಲ್ಲಿ ಹಾಕಿದ್ರೆ ರಿವಾರ್ಡ್ ಪಾಯಿಂಟ್ ಬರುತ್ತಲ್ಲ?

ಪಾಯಿಂಟ್ ಬರೋದು ನೂರಕ್ಕೆ ಒಂದೆರಡು, ಬಡ್ಡಿ ಹೋಗೋದು ನೂರಕ್ಕೆ ನಲವತ್ತಮೂರು. ಬಾಕಿ ಪೂರ್ತಿ ಸೊನ್ನೆ ಇದ್ದು, ಮುಂದಿನ ಬಿಲ್ ಪೂರ್ತಿ ಕಟ್ಟೋಕೆ ದುಡ್ಡು ಅಕೌಂಟಲ್ಲಿ ಈಗಲೇ ಇದ್ರೆ ಹಾಕಿ. ಹೊಸ ಮನೆಗೆ ಅಂತ ಸೋಫಾ, ಟಿವಿ ಯೂನಿಟ್ಟು ನೋ ಕಾಸ್ಟ್ ಇಎಂಐಲಿ ತಗೋಳೋದು ಆರು ತಿಂಗಳು ತಡೀರಿ. ನಮ್ಮ ಹಾಲಲ್ಲಿ ಇನ್ನೂ ಚಾಪೆನೇ, ಬಂದವ್ರು ಕೂತ್ಕೋತಾರೆ, ಕಾಫಿ ಕುಡೀತಾರೆ, ಹೋಗ್ತಾರೆ.

ಬಾಡಿಗೆನ ಕಾರ್ಡಿಂದ ಕಟ್ಟಿ ಸ್ವಲ್ಪ ದಿನ ತಳ್ಳಬಹುದಾ?

ಮುಂಚೆ ಆ್ಯಪುಗಳಲ್ಲಿ ಫೀಸ್ ಕೊಟ್ಟು ಮಾಡ್ತಿದ್ರು. 2025ರ ಸೆಪ್ಟೆಂಬರಲ್ಲಿ ಆರ್‌ಬಿಐ ಪೇಮೆಂಟ್ ಕಂಪನಿಗಳಿಗೆ ಹೊಸ ನಿಯಮ ತಂದ ಮೇಲೆ ದೊಡ್ಡ ಆ್ಯಪುಗಳು ಅದನ್ನ ನಿಲ್ಲಿಸಿದ್ವು. ಒಳ್ಳೇದೇ ಆಯ್ತು. ಬಾಡಿಗೆಗೂ ಕಾರ್ಡ್ ಬೇಕು ಅನ್ನೋ ಹಂತಕ್ಕೆ ಬಂದಿದ್ರೆ ಮನೆ ದುಬಾರಿಯಾಯ್ತು ಅಂತ ಅರ್ಥ, ಚಿಕ್ಕದು ನೋಡಿ.

ನಾವು ಸ್ವಂತ ಫ್ಲ್ಯಾಟ್‌ಗೆ ಹೋಗ್ತಾ ಇರೋದು, ಹೋಮ್ ಲೋನ್‌ಗೆ ಕಾರ್ಡ್ ಸಾಲ ಅಡ್ಡ ಬರುತ್ತಾ?

ಬಂದೇ ಬರುತ್ತೆ. ಬ್ಯಾಂಕು ನಿಮ್ಮ ಸಂಬಳದಲ್ಲಿ ಈಗಾಗಲೇ ಎಷ್ಟು ಕಂತಿಗೆ ಹೋಗುತ್ತೆ ಅಂತ ನೋಡುತ್ತೆ, ಕಾರ್ಡಿನ ಬಾಕಿಯನ್ನೂ ತಿಂಗಳ ಕಂತಿನ ಥರ ಲೆಕ್ಕಕ್ಕೆ ಹಿಡಿಯುತ್ತೆ, ಅಷ್ಟು ಲೋನ್ ಕಮ್ಮಿ. ಕಾರ್ಡ್ ಲಿಮಿಟ್ಟಿನಲ್ಲಿ ಮುಕ್ಕಾಲು ಭಾಗ ಬಳಸಿದ್ರೆ ಸ್ಕೋರೂ ಬೀಳುತ್ತೆ. ಅರ್ಜಿ ಹಾಕೋಕೆ ಎರಡು ಮೂರು ತಿಂಗಳ ಮುಂಚೆನೇ ಕಾರ್ಡ್ ಮುಗಿಸಿ, ರಿಪೋರ್ಟಲ್ಲಿ ಸೊನ್ನೆ ಕಾಣಲಿ. 2025ರಲ್ಲಿ ಬ್ಯಾಂಕುಗಳು ಹದಿನೈದು ದಿನಕ್ಕೊಮ್ಮೆ ಮಾಹಿತಿ ಕಳಿಸಬೇಕು ಅಂತ ಆಯ್ತು, ಮುಂಚಿನಷ್ಟು ಕಾಯಬೇಕಿಲ್ಲ.

ಇನ್ನೊಂದು, ಕರ್ನಾಟಕದಲ್ಲಿ ರಿಜಿಸ್ಟ್ರೇಷನ್ ಫೀಸು 2025ರ ಆಗಸ್ಟ್ 31ರಿಂದ 1% ಇದ್ದಿದ್ದು 2% ಆಗಿದೆ, ಸ್ಟ್ಯಾಂಪ್ ಡ್ಯೂಟಿ ಬೇರೆ. ಇದಕ್ಕೆ ಕೈಯಿಂದಲೇ ಹಾಕಬೇಕಾಗುತ್ತೆ. ಆ ದುಡ್ಡಿಗೂ ಕಾರ್ಡ್ ಮೇಲೆ ಲೋನ್ ತಗೊಂಡವ್ರನ್ನ ನೋಡಿದೀನಿ, ಗೃಹಪ್ರವೇಶದ ದಿನವೇ ಮುಖದಲ್ಲಿ ಕಳೆ ಇರಲಿಲ್ಲ.

ಬ್ಯಾಂಕಿನವ್ರೇ ಫೋನ್ ಮಾಡಿ ಅರ್ಧ ಕಟ್ಟಿ ಸೆಟಲ್ ಮಾಡ್ಕೊಳಿ ಅಂತಾರೆ, ಮಾಡ್ಲಾ?

ನಿಜವಾಗ್ಲೂ ಕಟ್ಟೋಕೆ ದಾರಿನೇ ಇಲ್ಲದವ್ರಿಗೆ ಅದು ಕೊನೇ ಬಾಗಿಲು. ಸ್ವಲ್ಪ ಕಷ್ಟಪಟ್ರೆ ಕಟ್ಟಬಹುದು ಅನ್ನೋರು ಆ ಕಡೆ ಹೋಗ್ಬೇಡಿ. ರಿಪೋರ್ಟಲ್ಲಿ "ಕ್ಲೋಸ್ಡ್" ಅಂತ ಬರಲ್ಲ, "ಸೆಟಲ್ಡ್" ಅಂತ ಬರುತ್ತೆ, ವರ್ಷಗಟ್ಟಲೆ ಕೂತಿರುತ್ತೆ, ಮುಂದೆ ಹೋಮ್ ಲೋನ್ ಕೇಳೋಕೆ ಹೋದಾಗ ಮೊದಲು ಅದನ್ನೇ ತೋರಿಸ್ತಾರೆ. ಮಾಡ್ಲೇಬೇಕಾದ್ರೆ ಫೋನ್ ಮಾತು ನಂಬಿ ದುಡ್ಡು ಹಾಕ್ಬೇಡಿ, ಬ್ಯಾಂಕಿಂದ ಲೆಟರ್ ಬರಲಿ.

ರಿಕವರಿಯವ್ರು ಹೊತ್ತಲ್ಲದ ಹೊತ್ತಲ್ಲಿ ಫೋನ್ ಮಾಡ್ತಾರೆ, ಹೊಸ ಮನೆ ಓನರ್ ಮುಂದೆ ಮರ್ಯಾದೆ ಹೋಗುತ್ತೆ ಅಂತ ಭಯ.

ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ಮೇಲೆ ಬಾಕಿ ವಸೂಲಿಗೆ ಫೋನ್ ಮಾಡೋ ಹಾಗಿಲ್ಲ, ಇದು 2022ರಲ್ಲೇ ಆರ್‌ಬಿಐ ಹೇಳಿರೋದು. ಬೈಯೋದು, ನೆಂಟರಿಗೆ ಅಕ್ಕಪಕ್ಕದವ್ರಿಗೆ ಹೇಳಿ ಅವಮಾನ ಮಾಡೋದು ಯಾವುದೂ ಮಾಡೋ ಹಾಗಿಲ್ಲ. ಕಾಲ್ ಬಂದ ಟೈಮು ನಂಬರು ಬರ್ಕೊಂಡು ಮೊದಲು ಬ್ಯಾಂಕಿಗೆ ದೂರು ಕೊಡಿ, 30 ದಿನದಲ್ಲಿ ಉತ್ತರ ಬರದಿದ್ರೆ ಅಥವಾ ಸಮಾಧಾನ ಆಗದಿದ್ರೆ ಆರ್‌ಬಿಐ ಒಂಬುಡ್ಸ್‌ಮನ್‌ಗೆ (ಬ್ಯಾಂಕಿನ ಮೇಲಿನ ದೂರು ನೋಡೋ ಅಧಿಕಾರಿ) ಆನ್‌ಲೈನಲ್ಲೇ ಹಾಕಬಹುದು, ಫೀಸಿಲ್ಲ. ಮನೆ ಬದಲಾಯಿಸಿ ತಪ್ಪಿಸ್ಕೊಳೋಣ ಅಂತ ಮಾತ್ರ ಅಂದ್ಕೋಬೇಡಿ. ಫೋನ್ ನಂಬರ್ರು ಪ್ಯಾನ್ ನಂಬರ್ರು ನಿಮ್ಮ ಜೊತೆನೇ ಶಿಫ್ಟ್ ಆಗುತ್ತೆ.

ಪೂರ್ತಿ ಕಟ್ಟಿದೀನಿ, ಆದ್ರೂ ಮುಂದಿನ ತಿಂಗಳು ಬಿಲ್ ಬಂತು, ಇದೇನು ಮೋಸ?

ಮೋಸ ಅಲ್ಲ, ಬಾಲ. ಬಿಲ್ ಆದ ದಿನದಿಂದ ನೀವು ಕಟ್ಟಿದ ದಿನದ ತನಕ ಇರೋ ಬಡ್ಡಿ ಮುಂದಿನ ಬಿಲ್ಲಲ್ಲಿ ಬರುತ್ತೆ. ನಂಗೆ 412 ರೂಪಾಯಿ ಬಂದಿತ್ತು. ಎಲ್ಲಾ ಮುಗೀತು ಅಂತ ಆ್ಯಪ್ ಡಿಲೀಟ್ ಮಾಡಿ ಕೂತ್ರೆ ಆ ನಾನೂರಕ್ಕೆ ಲೇಟ್ ಫೀ ಬಿದ್ದು ಸ್ಕೋರಲ್ಲೂ ಮಾರ್ಕ್ ಆಗುತ್ತೆ. ಎರಡು ಬಿಲ್ ಸೊನ್ನೆ ಬರೋ ತನಕ ನೋಡ್ತಾ ಇರಿ.

ತೀರಿದ ಮೇಲೆ ಕಾರ್ಡ್ ಕ್ಲೋಸ್ ಮಾಡಿಸ್ಬೇಕಾ?

ನಾವು ಎರಡು ಕ್ಲೋಸ್ ಮಾಡಿಸಿ ಒಂದು ಇಟ್ಕೊಂಡ್ವಿ, ತುಂಬಾ ಹಳೇದನ್ನ, ಆನುವಲ್ ಫೀ ಇಲ್ಲದ್ದನ್ನ. ಎಲ್ಲಾ ಒಂದೇ ಸಲ ಮುಚ್ಚಿದ್ರೆ ಸ್ಕೋರ್ ಸ್ವಲ್ಪ ಇಳೀಬಹುದು, ಹೋಮ್ ಲೋನ್ ಹಾಕೋರು ಅದಾದ್ಮೇಲೆ ಮುಚ್ಚಿ. ಬಾಕಿ ಏನೂ ಇಲ್ದಿದ್ರೆ ಕೇಳಿದ 7 ವರ್ಕಿಂಗ್ ದಿನದೊಳಗೆ ಬ್ಯಾಂಕು ಕ್ಲೋಸ್ ಮಾಡಬೇಕು, ಮಾಡದಿದ್ರೆ ದಿನಕ್ಕೆ 500 ರೂಪಾಯಿ ನಿಮಗೆ ಕೊಡಬೇಕು. ನಂಗೆ ಕಸ್ಟಮರ್ ಕೇರಿನವ್ರು "ಮೇಡಂ ಲೈಫ್‌ಟೈಮ್ ಫ್ರೀ ಮಾಡ್ಕೊಡ್ತೀವಿ" ಅಂತ ಹನ್ನೆರಡು ನಿಮಿಷ ಎಳೆದಾಡಿದ್ರು, ಈ 500ರ ಮಾತು ತೆಗೆದ ಮೇಲೆ ರಿಕ್ವೆಸ್ಟ್ ನಂಬರ್ ಕೊಟ್ರು. ನೋ ಡ್ಯೂ ಲೆಟರ್ ಕೇಳಿ ಇಟ್ಕೊಳಿ.

ಅಡ್ರೆಸ್ ಚೇಂಜ್ ಯಾವಾಗ ಮಾಡ್ಬೇಕು?

ಹೊಸ ಅಗ್ರಿಮೆಂಟ್ ಕೈಗೆ ಬಂದ ವಾರದಲ್ಲೇ ಮಾಡಿ, ಆಧಾರ್‌ಗೂ ಅದೇ ಬಾಡಿಗೆ ಅಗ್ರಿಮೆಂಟ್ ಕೊಡಬಹುದು. ನಾನು ಬ್ಯಾಂಕಿಗೆ ಕೊಡೋದು ಮರೆತಿದ್ದೆ. ಎರಡು ತಿಂಗಳಾದ್ಮೇಲೆ ಹಳೇ ಮನೆಗೆ ಬಂದಿರೋ ಹೊಸ ಬಾಡಿಗೆಯವ್ರು ಫೋನ್ ಮಾಡಿ, ಆಂಟಿ ನಿಮ್ಮದೊಂದು ಕವರ್ ಬಂದಿದೆ, ಗಟ್ಟಿಯಾಗಿದೆ, ಕಾರ್ಡ್ ಥರ ಇದೆ ಅಂದ್ರು. ಉಳಿಸ್ಕೊಂಡಿದ್ದ ಕಾರ್ಡಿನ ರಿನ್ಯೂವಲ್ಲು. ನಮ್ಮನೆಯವ್ರು ಭಾನುವಾರ ಹೋಗಿ ಇಸ್ಕೊಂಡು ಬಂದ್ರು, ಹಾಗೇ ಬಾತ್‌ರೂಮಿನ ನಲ್ಲಿ ಹೇಗಿದೆ ಅಂತ ಕೇಳಿದ್ರಂತೆ. ಇನ್ನೂ ಸೋರ್ತಾ ಇದೆಯಂತೆ.